ಜೌಗಿನ ಮೇಲೆ ಎತ್ತರಿಸಿದ ದಾರಿಗೆ ಕನ್ನಡದಲ್ಲಿ ಏನೆನ್ನೋಣ: ಏರಿ, ಒಡ್ಡು, ಸೇತು?

ಬಳಗದ ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ರೋಮನ್ನರ ರಸ್ತೆಗಳ ಬಗ್ಗೆ ಬರೆಯುತ್ತಿದ್ದೇನೆ. ಲ್ಯಾಟಿನ್ನಿನ 'ಅಗ್ಗೆರ್' ಎಂಬ ಪದದ ಹತ್ತಿರ ಬಂದು ಕೈ ನಿಂತಿದೆ.

ಕ್ರಿ.ಪೂ. 312ರಲ್ಲಿ ರೋಮಿನ ಅಧಿಕಾರಿ ಅಪ್ಪಿಯಸ್ ಕ್ಲಾಡಿಯಸ್ ಶುರುಮಾಡಿಸಿದ ದಾರಿ ರೋಮಿನ ದಕ್ಷಿಣಕ್ಕಿದ್ದ ಪಾಂಟೈನ್ ಜೌಗನ್ನು ದಾಟಬೇಕಿತ್ತು. ಇಂಥ ನೆಲದಲ್ಲಿ ರೋಮನ್ನರು ಎರಡೂ ಪಕ್ಕ ಕಾಲುವೆ ತೋಡಿ, ಆ ಮಣ್ಣನ್ನೇ ನಡುವೆ ಪೇರಿಸುತ್ತಿದ್ದರು. ಕಾಲು ಹೂತುಹೋಗುವಷ್ಟು ಮೆತ್ತಗಿದ್ದರೆ ಅಡಿಗೆ ಮರದ ದಿಮ್ಮಿ, ಕೊಂಬೆರೆಂಬೆ ಹಾಸುತ್ತಿದ್ದರು. ಹೀಗೆ ಎತ್ತರಿಸಿದ ದಿಬ್ಬವೇ ಅಗ್ಗೆರ್. ದಾರಿ ಅದರ ನೆತ್ತಿಯ ಮೇಲೆ.

ಮೊದಲು ಹೊಳೆದದ್ದು 'ಏರಿ'. ಕೆರೆ ಏರಿಯ ಮೇಲೆ ಓಡಾಡಿದವರಿಗೆ ಚಿತ್ರ ತಟ್ಟನೆ ಕಣ್ಣಿಗೆ ಕಟ್ಟುತ್ತದೆ. ಆದರೆ ಏರಿ ಇರುವುದು ನೀರನ್ನು ತಡೆದು ನಿಲ್ಲಿಸಲು, ಮೇಲಿನ ದಾರಿ ಆಮೇಲೆ ಒದಗಿದ್ದು. ಅಗ್ಗೆರ್ ಇರುವುದೇ ದಾರಿಗಾಗಿ. ಜೊತೆಗೆ 'ಏರಿ ದಾರಿ' ಎಂದು ಬರೆದರೆ ಮಕ್ಕಳು 'ಹತ್ತಿ' ಎಂದು ಓದಿಕೊಂಡಾರು. (ತಮಿಳಿನಲ್ಲಂತೂ ಏರಿ ಎಂದರೆ ಕೆರೆಯೇ.)

ಎರಡನೆಯದು 'ಒಡ್ಡು'. ಇದು ನನಗೆ ತುಂಬ ಹಿಡಿಸಿದೆ. ಅಗ್ಗೆರ್ ಹುಟ್ಟಿದ್ದು 'ತಂದು ಸುರಿ' ಎಂಬರ್ಥದ ಕ್ರಿಯಾಪದದಿಂದ. ಕೋಟೆಗೆ ಮುತ್ತಿಗೆ ಹಾಕಿದಾಗ ಸೈನಿಕರು ಪೇರಿಸುವ ಮಣ್ಣಿನ ದಿಬ್ಬಕ್ಕೂ ಅದೇ ಹೆಸರು. ಹಳಗನ್ನಡದ ಒಡ್ಡಿಗೂ ಸೇನೆಯ ನಂಟಿದೆ, ಅಲ್ಲಿ ಅದು ಸೈನ್ಯವೂ ಹೌದು, ವ್ಯೂಹವೂ ಹೌದು. ತೊಡಕೆಂದರೆ ಇಂದಿನ ಓದುಗರಿಗೆ ಒಡ್ಡು ಅಂದರೆ ಹೊಲದ ಬದು ಅಥವಾ ಹಳ್ಳಕ್ಕೆ ಕಟ್ಟಿದ ಅಡ್ಡಗಟ್ಟೆ.

ಮೂರನೆಯದು 'ಸೇತು'. ಕ್ರಿ.ಶ. 15ರಲ್ಲಿ ಜರ್ಮೇನಿಯಾದಲ್ಲಿ ರೋಮನ್ ದಂಡನಾಯಕ ಕೆಸಿನನ ಸೇನೆ ಒಂದು ಜೌಗಿನಲ್ಲಿ ಸಿಕ್ಕಿಬೀಳುತ್ತದೆ. ವಿಶಾಲ ಜೌಗುಗಳ ನಡುವೆ ಡೊಮಿಟಿಯಸ್ ಎಂಬ ಇನ್ನೊಬ್ಬ ರೋಮನ್ ದಂಡನಾಯಕ ಹಿಂದೆ ಮಣ್ಣು ಪೇರಿಸಿ ಮಾಡಿಸಿದ್ದ ಅಲ್ಲಿನ ಕಿರುದಾರಿಯನ್ನು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕರೆಯುವುದು 'ಪಾಂಟೆಸ್ ಲಾಂಗಿ', ಎಂದರೆ ಉದ್ದ ಸೇತುವೆಗಳು! ನಮ್ಮಲ್ಲೂ ಸಂಸ್ಕೃತದ ಸೇತುವಿಗೆ ಕಟ್ಟೆ, ಒಡ್ಡು ಎಂಬ ಅರ್ಥಗಳಿವೆ. ರಾಮಸೇತುವೂ ಕಂಬದ ಮೇಲೆ ನಿಂತದ್ದಲ್ಲ, ಕಡಲಿಗೆ ಬಂಡೆ ತುಂಬಿ ಕಟ್ಟಿದ್ದು. 'ಸೇತುವೆ' ಎಂದರೆ ಮಕ್ಕಳ ಮನಸ್ಸಿಗೆ ಕಮಾನು ಬರುತ್ತದೆ, 'ಸೇತುದಾರಿ' ಅಂದರೆ ಬಾರದೇನೋ.

ಇನ್ನೊಂದು ಸಣ್ಣ ಪ್ರಶ್ನೆ. ಟೆರ್ರಚೀನಾ ಎಂಬ ಕಡಲಂಚಿನ ಊರಿನಲ್ಲಿ ಅಪ್ಪಿಯಸ್ಸನ ಅದೇ ದಾರಿ ಮೊದಲು ಗುಡ್ಡ ಹತ್ತಿ ಇಳಿಯುತ್ತಿತ್ತು. ಚಕ್ರವರ್ತಿ ಟ್ರೇಜನ್ನನ ಕಾಲದಲ್ಲಿ ಕಡಲಂಚಿನ ಬಂಡೆಯನ್ನೇ 120 ರೋಮನ್ ಅಡಿ ಎತ್ತರದಿಂದ ಬುಡದವರೆಗೆ ಕಡಿದು ದಾರಿ ಬಿಡಿಸಿದರು. ಕಡಿದ ಆಳದ ಅಂಕಿಗಳು ಬಂಡೆಯ ಮೇಲೆ ಇಂದಿಗೂ ಇವೆ. ಇದು ಸುರಂಗವಲ್ಲ, ಮೇಲೆ ಆಕಾಶವಿದೆ. ಘಾಟಿಯೂ ಅಲ್ಲ. ಕಲ್ಲು ಕೆಲಸದವರಲ್ಲಿ ಇದಕ್ಕೆ ಹೆಸರಿದೆಯೇ?

ಕರಾವಳಿಯವರನ್ನು ವಿಶೇಷವಾಗಿ ಕೇಳುತ್ತೇನೆ. ನೀರು ತುಂಬಿದ ಗದ್ದೆಗಳ ನಡುವೆ ನಡೆದುಹೋಗುವ ಎತ್ತರದ, ಅಗಲದ ಅಂಚನ್ನು ನೀವು 'ಕಟ್ಟಪುಣಿ' ಅನ್ನುತ್ತೀರಲ್ಲ, ಅದು ತುಳುವಿಗಷ್ಟೇ ಸೇರಿದ್ದೋ, ಕನ್ನಡದ ಮಾತಿನಲ್ಲೂ ಓಡಾಡುತ್ತದೆಯೋ? ಎರಡೂ ಕಡೆ ನೀರು, ನಡುವೆ ಕಾಲಿಗೆ ಒಣ ನೆಲ: ನನಗೆ ಬೇಕಾದದ್ದು ಅದೇ ಚಿತ್ರ.