ಸ್ವಂತ ಹಿಡುವಳಿ ಗುಡ್ಡದಲ್ಲಿ ಕಾಡು ವಾಪಸ್ ಬೆಳೆಸೋಕೆ ದುಡ್ಡು ಎಲ್ಲಿಂದ ಸಿಗತ್ತೆ?

ಹೊಸನಗರದವ:
ಎಲ್ರಿಗೂ ನಮಸ್ಕಾರ. ನಮ್ಮ ತೋಟದ ಮೇಲುಗಡೆ ನಾಲ್ಕು ಎಕ್ರೆ ಗುಡ್ಡ ಇದೆ, ಪೂರ್ತಿ ಹಿಡುವಳಿ, ಪಹಣಿ ಅಪ್ಪನ ಹೆಸರಲ್ಲಿದೆ. ಅದರ ತುಂಬ ಅಕೇಶಿಯ, ಈಗ ಕಡಿಯೋ ಹದಕ್ಕೆ ಬಂದಿದೆ. ಮನೇಲಿ ಕಡಿದು ಅಡಿಕೆ ಇಡೋಣ ಅಂತಾರೆ, ನಂಗೆ ಎಲೆಚುಕ್ಕಿ ರೋಗದ ಕಾಟ ನೋಡಿ ಇನ್ನೂ ಅಡಿಕೆ ಜಾಸ್ತಿ ಮಾಡೋದು ಬೇಡ ಅನ್ಸತ್ತೆ, ಅದೂ ಅಲ್ದೆ ಕೆಳಗಿನ ಹಳ್ಳ ಮಾರ್ಚ್ ಬರೋದ್ರೊಳಗೆ ಒಣಗ್ತಿದೆ. ಪಕ್ಕದ ಕಾನಲ್ಲಿ (ದಟ್ಟ ಕಾಡಲ್ಲಿ) ಮಂಗಟ್ಟೆ ಹಕ್ಕಿ, ಕೆಂದಳಿಲು ಎಲ್ಲಾ ಇದಾವೆ ಆದ್ರೆ ನಮ್ಮ ಗುಡ್ಡದಲ್ಲಿ ಅವಕ್ಕೆ ತಿನ್ನೋಕೆ ಒಂದು ಹಣ್ಣಿನ ಮರ ಇಲ್ಲ. ಇದನ್ನ ವಾಪಸ್ ಕಾಡು ಮಾಡ್ಬೇಕು ಅಂತ ತುಂಬಾ ಆಸೆ. ಸರ್ಕಾರದ್ದೋ ಕಂಪನಿಗಳದ್ದೋ ದುಡ್ಡು ಸಿಗತ್ತಾ? ಕಾಡು ಬೆಳೆಸಿದ್ರೆ ಅರಣ್ಯ ಇಲಾಖೆಯವ್ರು ಬಂದು ಜಾಗ ತಗೋತಾರೆ ಅಂತ ಅಪ್ಪ ಹೆದರ್ತಾರೆ, ಅದು ನಿಜಾನಾ?

ಸಾಗರ_ನರ್ಸರಿ:
ಮೊದ್ಲು ಅರಣ್ಯ ಇಲಾಖೆಯ ನಿಮ್ಮ ರೇಂಜ್ ಆಫೀಸಿಗೆ ಹೋಗಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಗೆ ಹೆಸರು ಬರೆಸಿ. 2011-12ರಿಂದ ಇದೆ. ಇಲಾಖೆ ನರ್ಸರಿಯಿಂದ ಕಡಿಮೆ ರೇಟಿಗೆ ಸಸಿ ತಗೊಂಡು ನೆಟ್ರೆ, ಬದುಕಿದ ಪ್ರತಿ ಗಿಡಕ್ಕೆ ಮೊದಲನೇ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ. ಹೆಕ್ಟೇರಿಗೆ 400 ಗಿಡದ ತನಕ. ಅಂದ್ರೆ ನಿಮ್ಮ ನಾಲ್ಕು ಎಕ್ರೆಗೆ 640 ಗಿಡ, ಎಲ್ಲಾ ಬದುಕಿದ್ರೆ ಮೂರು ವರ್ಷಕ್ಕೆ 80 ಸಾವಿರ. ಅಕೇಶಿಯ, ನೀಲಗಿರಿ, ಸಿಲ್ವರ್ ಓಕ್, ಅಡಿಕೆ, ತೆಂಗು, ರಬ್ಬರ್ ಇವಕ್ಕೆಲ್ಲ ಕೊಡಲ್ಲ, ನಿಮಗೆ ಬೇಕಾಗಿರೋದು ಕಾಡುಮರ ತಾನೆ, ತೊಂದ್ರೆ ಇಲ್ಲ. ಪಹಣಿ, ಆಧಾರ್, ಪಾಸ್‌ಬುಕ್ ತಗೊಂಡ್ ಹೋಗಿ, ಮಳೆ ಹಿಡಿಯೋಕೆ ಮುಂಚೇನೇ ಹೋಗಿ, ಆಮೇಲೆ ಒಳ್ಳೆ ಜಾತಿ ಸಸಿ ಉಳಿದಿರಲ್ಲ. ಇಂಗುಗುಂಡಿ, ಅಗಳ ತೆಗೆಸೋ ಕೂಲಿ ಉದ್ಯೋಗ ಖಾತ್ರಿಲಿ ಆಗತ್ತಾ ಅಂತ ಪಂಚಾಯ್ತಿ ಪಿಡಿಓ ಹತ್ರ ಕೇಳಿ, ಸಣ್ಣ ರೈತರ ಜಮೀನಲ್ಲಿ ಮಾಡಿಸ್ತಾರೆ.

ಕಾನಂಚು:
ಮೇಲೆ ಹೇಳಿದ್ದು ಸರಿ, ಆದ್ರೆ ಒಂದು ಮಾತು. ಆ ದುಡ್ಡು ಬರೋದು ನೆಟ್ಟ ಸಸಿ ಲೆಕ್ಕಕ್ಕೆ, ತಾನಾಗೇ ಹುಟ್ಟಿದ್ದಕ್ಕೆ ನಯಾಪೈಸೆ ಇಲ್ಲ. ಇದು ದೊಡ್ಡ ಅನ್ಯಾಯ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಕಾನಿನ ಪಕ್ಕದ ಗುಡ್ಡದಲ್ಲಿ ಹಕ್ಕಿಗಳು ಬೀಜ ಹಾಕಿ ಅಕೇಶಿಯ ಬುಡದಲ್ಲಿ ಆಗ್ಲೇ ನೇರಳೆ, ಹೊಳಗೇರು ಎಲ್ಲಾ ಎದ್ದಿರ್ತವೆ ಮಾರಾಯ್ರೆ, ಸರ್ಕಾರದ ದುಡ್ಡು ಸಿಗತ್ತೆ ಅಂತ ಅವನ್ನ ಸವರಿ ಗುಂಡಿ ತೋಡಿ ಸಾಲಾಗಿ ಹೊಸ ಸಸಿ ನೆಟ್ರೆ ಇರೋ ಕಾಡನ್ನೇ ಕಳ್ಕೊಂಡಂಗೆ. ಮೊದ್ಲು ಒಂದು ಸಲ ಗುಡ್ಡ ಸುತ್ತಿ ಏನೇನು ಹುಟ್ಟಿದೆ ನೋಡಿ, ಕೋಲು ನೆಟ್ಟು ಗುರುತು ಮಾಡಿ, ಖಾಲಿ ಇರೋ ಕಡೆ ಮಾತ್ರ ನೆಡಿ.

ನಿಮ್ಮ ಮೊದಲನೇ ದುಡ್ಡು ಆ ಅಕೇಶಿಯದಲ್ಲೇ ಇದೆ. ಒಟ್ಟಿಗೆ ಬೋಳಿಸಬೇಡಿ, ವರ್ಷಕ್ಕೊಂದು ಪಟ್ಟಿ ಥರ ತೆಗೆಸಿ, ಬಂದ ದುಡ್ಡನ್ನ ಬೇಲಿಗೆ, ಬೆಂಕಿ ರೇಖೆಗೆ (ಬೆಂಕಿ ಹರಡದಂಗೆ ಸವರಿ ಬಿಡೋ ಪಟ್ಟಿ) ಇಟ್ಕೊಳ್ಳಿ. ರಾಂಪತ್ರೆ, ಧೂಪ ಇಂಥ ನಿತ್ಯಹಸಿರು ಮರಗಳ ಸಸಿಗೆ ನೆರಳು ಬೇಕು, ಪೂರ್ತಿ ಬಿಸಿಲಿಗೆ ಬಿದ್ರೆ ಸುಟ್ಟು ಹೋಗ್ತವೆ. ಇನ್ನೊಂದು, ಅಕೇಶಿಯ ಬೀಜ ಮಣ್ಣಲ್ಲಿ ವರ್ಷಗಟ್ಲೆ ಕೂತಿರತ್ತೆ, ಬೋಳಿಸಿ ದರಗು (ಒಣ ಎಲೆ) ಸುಟ್ರೆ ಒಟ್ಟಿಗೆ ಮೊಳಕೆ ಒಡೆದು ಮತ್ತೆ ಅದೇ ಕಾಡು.

ತೀರ್ಥಹಳ್ಳಿ_ವಕೀಲಿಕೆ:
ನಿಮ್ಮ ತಂದೆಯವರ ಭಯ ಸುಮ್ನೆ ಹುಟ್ಟಿದ್ದಲ್ಲ. 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಕೇಸಲ್ಲಿ ಸುಪ್ರೀಂ ಕೋರ್ಟು ಯಾರ ಒಡೆತನದ್ದೇ ಆಗ್ಲಿ ಅರಣ್ಯದ ಲಕ್ಷಣ ಇದ್ರೆ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯ ಆಗತ್ತೆ ಅಂತ ಹೇಳ್ತು, ಡೀಮ್ಡ್ ಫಾರೆಸ್ಟ್ (ದಾಖಲೆಲಿ ಅರಣ್ಯ ಅಲ್ದಿದ್ರೂ ಅರಣ್ಯ ಅಂತ ಪರಿಗಣಿಸೋ ಜಾಗ) ಗಲಾಟೆ ಶುರುವಾಗಿದ್ದೇ ಅಲ್ಲಿಂದ. ಆದ್ರೆ ಅದ್ರಿಂದ ಒಡೆತನ ಹೋಗಲ್ಲ, ಬೇರೆ ಬಳಕೆಗೆ ಕಟ್ಟು ಬೀಳತ್ತೆ. ನಮ್ಮ ರಾಜ್ಯದಲ್ಲಿ 2022ರಲ್ಲಿ ಪಟ್ಟಿ ಕಡಿಮೆ ಮಾಡಿ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿದಾರೆ, ಅದರಲ್ಲಿ ನಿಮ್ಮ ಸರ್ವೆ ನಂಬರ್ ಇದೆಯಾ ನೋಡ್ಕೊಳ್ಳಿ. ಹದ್ದುಬಸ್ತು ಸರ್ವೆ ಮಾಡಿಸಿ ನಕ್ಷೆ ಇಟ್ಕೊಳ್ಳಿ. ಯೋಜನೆಲಿ ಸಸಿ ತಗೊಂಡ ರಸೀದಿ, ಫೋಟೋ ಎಲ್ಲಾ ಇಟ್ಕೊಂಡ್ರೆ ಇದು ನಾವು ನೆಟ್ಟಿದ್ದು ಅನ್ನೋದಕ್ಕೆ ದಾಖಲೆ. ಮುಂದೆ ಕಾಡುಮರ ಕಡಿಯೋದಾದ್ರೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಪರ್ಮಿಶನ್ ಬೇಕಾಗತ್ತೆ.

ಸಮುದಾಯ ಮೀಸಲು ಅಂತ ವನ್ಯಜೀವಿ ಕಾಯ್ದೆಲಿ 36ಸಿ ಸೆಕ್ಷನ್ ಇದೆ, ಮಂಡ್ಯದ ಕೊಕ್ಕರೆ ಬೆಳ್ಳೂರು ಹಂಗೇ ಆಗಿದ್ದು. ಖಾಸಗಿಯವ್ರೂ ತಾವಾಗೇ ಮುಂದೆ ಬಂದು ತಮ್ಮ ಜಾಗನ ಅದಕ್ಕೆ ಸೇರಿಸಬಹುದು. ಆದ್ರೆ ಒಮ್ಮೆ ಘೋಷಣೆ ಆದ್ಮೇಲೆ ಬಳಕೆ ಬದಲಾಯಿಸೋಕೆ ಸಮಿತಿ ನಿರ್ಣಯ, ಸರ್ಕಾರದ ಒಪ್ಪಿಗೆ ಎರಡೂ ಬೇಕು. ಮನೆಯವ್ರೆಲ್ಲ ಕೂತು ಮಾತಾಡದೆ ಅದಕ್ಕೆ ಕೈ ಹಾಕಬೇಡಿ.

ಹೊಸನಗರದವ:
ತುಂಬಾ ಥ್ಯಾಂಕ್ಸ್. ಕಾರ್ಬನ್ ಕ್ರೆಡಿಟ್ (ಮರಗಳು ಹೀರೋ ಇಂಗಾಲದ ಲೆಕ್ಕಕ್ಕೆ ಸಿಗೋ ದುಡ್ಡು) ಕೊಡಿಸ್ತೀವಿ ಅಂತ ಒಬ್ರು ಫೋನ್ ಮಾಡಿದ್ರು, ಎಕ್ರೆಗೆ ಇಷ್ಟು ಅಂತ ಲೆಕ್ಕ ಹೇಳ್ತಾರೆ. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡೋ ಸಿಎಸ್‌ಆರ್ ದುಡ್ಡು ನೇರ ನಮಗೆ ಸಿಗತ್ತಾ?

ಶಿವಮೊಗ್ಗ_ಪರಿಸರ:
ನೇರ ಸಿಗಲ್ಲ ಸರ್. 2013ರ ಕಂಪನಿ ಕಾಯ್ದೆ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಎರಡು ಪರ್ಸೆಂಟ್ ಇದಕ್ಕೆ ಖರ್ಚು ಮಾಡ್ಬೇಕು, ಪರಿಸರ, ಪ್ರಾಣಿ ಸಸ್ಯ ರಕ್ಷಣೆ ಅದರ ಪಟ್ಟಿಲಿ ಇದೆ, ಆದ್ರೆ ದುಡ್ಡು ಹೋಗೋದು ನೋಂದಣಿ ಆಗಿರೋ ಟ್ರಸ್ಟು ಸೊಸೈಟಿಗಳಿಗೆ. ಊರಿನ ಏಳೆಂಟು ಜನ ಸೇರಿ ಹಳ್ಳದ ಎರಡೂ ದಂಡೆ ಒಟ್ಟಿಗೆ ಮಾಡ್ತೀವಿ ಅಂತ ಒಂದು ಸಂಸ್ಥೆ ಮೂಲಕ ಹೋದ್ರೆ ಕೇಳೋರು ಇದಾರೆ, ಪ್ರಾಣಿಗಳಿಗೂ ತುಂಡು ಜಾಗಕ್ಕಿಂತ ಅದು ಎಷ್ಟೋ ಒಳ್ಳೇದು. ತಮಿಳುನಾಡಿನ ವಾಲ್ಪಾರೈನಲ್ಲಿ ಎನ್‌ಸಿಎಫ್ (ನೇಚರ್ ಕನ್ಸರ್ವೇಶನ್ ಫೌಂಡೇಶನ್) ಸಂಸ್ಥೆಯವ್ರು ಟೀ ಎಸ್ಟೇಟ್ ಕಂಪನಿಗಳ ಜಾಗದಲ್ಲಿ ಉಳಿದಿದ್ದ ಕಾಡಿನ ತುಂಡುಗಳನ್ನೇ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಸರಿ ಮಾಡ್ತಾ ಬಂದಿದಾರೆ, ಅವ್ರ ಕೆಲಸ ನೋಡಿ.

ಕ್ಯಾಂಪಾ ದುಡ್ಡು (ಅರಣ್ಯ ಜಾಗ ಬೇರೆ ಕೆಲಸಕ್ಕೆ ತಗೊಂಡೋರು ಕಟ್ಟೋ ಪರಿಹಾರದ ಹಣ) ಮುಖ್ಯವಾಗಿ ಅರಣ್ಯ ಇಲಾಖೆ ಕೆಲಸಕ್ಕೆ, ನಮಗಲ್ಲ. 2023ರ ಕೇಂದ್ರ ಸರ್ಕಾರದ ಗ್ರೀನ್ ಕ್ರೆಡಿಟ್ ಯೋಜನೆಲೂ ಗಿಡ ನೆಡೋದು ಹಾಳಾದ ಅರಣ್ಯ ಜಾಗಕ್ಕೇ ಅಂತ ಶುರು ಮಾಡಿದ್ದು. ಕಾರ್ಬನ್ ಅಂದ್ರೆ ದಶಕಗಟ್ಟಲೆ ಅಗ್ರಿಮೆಂಟು, ಅಳತೆ ತಪಾಸಣೆ ಖರ್ಚು ನಾಲ್ಕು ಎಕ್ರೆಗೆ ಹೊರಲ್ಲ, ನೂರಾರು ರೈತರನ್ನ ಸೇರಿಸಿದ್ರೇ ಆಗೋದು. ಎಕ್ರೆಗೆ ಇಷ್ಟೇ ಅಂತ ಮೊದ್ಲೇ ಹೇಳೋರ ಪೇಪರಿಗೆ ಓದದೆ ಸೈನ್ ಹಾಕ್ಬೇಡಿ.

ಉಪ್ಪಾಗೆ_ಅಕ್ಕ:
ತಮ್ಮಾ, ನೆಡೋವಾಗ ಮಂಗಟ್ಟೆಗೂ ಆಗ್ಬೇಕು ಮನೆಗೂ ಆಗ್ಬೇಕು ಅನ್ನೋ ಥರ ನೆಡು. ಉಪ್ಪಾಗೆ, ಮುರುಗಲು, ರಾಂಪತ್ರೆ, ಬಗಿನೆ, ಹೆಬ್ಬಲಸು, ಅತ್ತಿ. ಉಪ್ಪಾಗೆ ಸಿಪ್ಪೆ ಮಾರಬಹುದು, ಬೀಜದಿಂದ ತುಪ್ಪ ತೆಗೀತಾರೆ. ಆದ್ರೆ ಬೀಜದ ಗಿಡ ಫಲ ಬಿಡೋಕೆ ಹತ್ತು ಹನ್ನೆರಡು ವರ್ಷ ಬೇಕು, ಅದ್ರಲ್ಲಿ ಗಂಡು ಮರಾನೂ ಬರತ್ತೆ, ಅದಕ್ಕೆ ಸ್ವಲ್ಪ ಕಸಿ ಗಿಡಾನೂ ಇಡು. ಸಿಪ್ಪೆ ಒಣಗಿಸೋದು ಮಳೆಗಾಲದಲ್ಲಿ, ಸೌದೆ ರಾಶಿ ಬೇಕಾಗತ್ತೆ, ಅದಕ್ಕೂ ನಿನ್ನ ಅಕೇಶಿಯ ಕೊಂಬೆನೇ ಇಟ್ಕೋ, ಕಾನಿಗೆ ಕತ್ತಿ ತಗೊಂಡು ಹೋಗ್ಬೇಡ.

ಮತ್ತೆ ಕೆಲಸದೋರನ್ನ ಬೇಸಿಗೆಲಿ ಗುಡ್ಡಕ್ಕೆ ಕಳಿಸೋವಾಗ ಉಣ್ಣೆ ಹುಳದ (ಉಣುಗಿನ) ಬಗ್ಗೆ ಹುಷಾರು, ಮಂಗನ ಕಾಯಿಲೆ ಹರಡೋದು ಅದು ಕಚ್ಚಿದ್ರೇ. ಆ ಕಾಯಿಲೆ ಮೊದ್ಲು ಕಾಣಿಸ್ಕೊಂಡಿದ್ದೇ ನಮ್ಮ ಜಿಲ್ಲೆ ಕ್ಯಾಸನೂರಿನಲ್ಲಿ, 1957ರಲ್ಲಿ. ಉಣ್ಣೆ ಕಚ್ಚದಂಗೆ ಆಸ್ಪತ್ರೆಲಿ ಕೊಡೋ ಡೆಪಾ ಎಣ್ಣೆ ಎಲ್ರಿಗೂ ಹಚ್ಚಿಸು, ಸತ್ತ ಮಂಗ ಕಂಡ್ರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸು. ರಾಂಪತ್ರೆ ಬೀಜ ಒಣಗಿಸಿ ಇಟ್ರೆ ಹುಟ್ಟಲ್ಲ, ಬಿದ್ದ ಕೂಡ್ಲೇ ಆರಿಸಿ ಬಿತ್ತಬೇಕು. ಬೇಕಾದ್ರೆ ಹೇಳು, ನಮ್ಮ ಮರದ್ದು ಕೊಡ್ತೀನಿ.