ತೋಟದ ಕೆರೆಯಲ್ಲಿ ಗುಳ್ಳೆ, ಪಿಎಚ್ 5.9: ಜ್ವಾಲಾಮುಖಿ ಅನಿಲ ಇರಬಹುದಾ?

ಹೊಂಡದಮನೆ
ತೀರ್ಥಹಳ್ಳಿ ಕಡೆ ನಮ್ಮ ತೋಟದ ಕೆರೆ. ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ಪಿಎಚ್ 5.9, ಅಂದ್ರೆ ನೀರು ಆಮ್ಲೀಯ, ತಳದಿಂದ ಬುಳುಬುಳು ಗುಳ್ಳೆ, ಕಾಟ್ಲಾ ಮೀನು ಮೇಲೆ ಬಂದು ಬಾಯಿ ಬಿಡ್ತಿವೆ. ಕ್ಯಾಮರೂನಿನ ನ್ಯೋಸ್ ಸರೋವರದಿಂದ ಅನಿಲ ಎದ್ದು ಜನ ಸತ್ತ ವಿಷಯ ಓದಿದ ಮೇಲೆ ನಿದ್ದೆ ಇಲ್ಲ. ಮಕ್ಕಳು ದಂಡೆ ಮೇಲೇ ಆಡ್ತಾರೆ. ಯಾರಾದ್ರೂ ಸರಿಯಾಗಿ ಹೇಳಿ.

ಬಫರ್_7
ಪಿಎಚ್ ಮೀಟರ್ ಕ್ಯಾಲಿಬ್ರೇಟ್ ಮಾಡಿದ್ರಾ? 4, 7ರ ಬಫರ್ (ಪಿಎಚ್ ಮೊದಲೇ ಗೊತ್ತಿರೋ ದ್ರಾವಣ) ಎರಡೂ ಬೇಕು. ಮಲೆನಾಡಿನ ಮೆದು ನೀರಲ್ಲಿ ಲವಣ ಕಡಿಮೆ, ಮೀಟರ್ ನಿಲ್ಲೋದೇ ಇಲ್ಲ.

ಹೊಂಡದಮನೆ
ಮಾಡಿದೀನಿ.

ಬಫರ್_7
ಬಫರ್ ಪುಡಿ ಕಲಸಿದ್ದು ಯಾವ ನೀರಲ್ಲಿ? ಬಾವಿ ನೀರಾದ್ರೆ ಲೆಕ್ಕಕ್ಕಿಲ್ಲ.

ಹಸಿರುಟ್ಯಾಂಕ್
ನನ್ನ ನಾಲ್ಕಡಿ ಅಕ್ವೇರಿಯಂ ಟ್ಯಾಂಕಿನ ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇದೆ. ಪಿಎಚ್ 7.4ರಿಂದ 6.4ಕ್ಕೆ ಇಳಿದರೆ ಇಂಗಾಲದ ಡೈಆಕ್ಸೈಡ್ ಹತ್ತು ಪಟ್ಟು ಅಂತ ಅರ್ಥ. ಗಿಡ ನೋಡ್ಬೇಕು ನೀವು, ಫೋಟೊ ಹಾಕ್ತೀನಿ.

ಶಿಲೆಮನೆ
ಶಿವಮೊಗ್ಗದ ಶಿಸ್ಟ್ (ಪದರಪದರದ ಹಳೇ ಕಲ್ಲು) ಪಟ್ಟಿಯಲ್ಲಿ ಜ್ವಾಲಾಮುಖಿ ಶಿಲೆ ಇದ್ದೇ ಇದೆ. ತಳ್ಳಿಹಾಕಬೇಡಿ.

ಕಲ್ಲುಗುಡ್ಡ_ಸಾಗರ
ಆ ಶಿಲೆಗೆ 250 ಕೋಟಿ ವರ್ಷಕ್ಕೂ ಮೇಲಾಯ್ತು ಮಾರಾಯ್ರೆ, ಅನಿಲ ಎಲ್ಲಿಂದ ಬರ್ಬೇಕು? ನ್ಯೋಸ್ 200 ಮೀಟರಿಗಿಂತ ಆಳ. ಶಿಲಾಪಾಕದ ಇಂಗಾಲದ ಡೈಆಕ್ಸೈಡ್ ತಳದ ನೀರಲ್ಲಿ ಕರಗಿ, ಮೇಲಿನ ನೀರಿನ ಒತ್ತಡಕ್ಕೆ ಅಲ್ಲೇ ಕೂತಿತ್ತು. 1986ರ ಆಗಸ್ಟ್ 21ರಂದು ಒಮ್ಮೆಲೇ ಎದ್ದು 1700ಕ್ಕೂ ಹೆಚ್ಚು ಜನರನ್ನ ಬಲಿ ತಗೊಂಡಿತು. ಆಫ್ರಿಕಾದ ಕಿವು ಸರೋವರದಲ್ಲಿ ಇನ್ನೊಂದು ಹೆಜ್ಜೆ: ಜ್ವಾಲಾಮುಖಿಯ ಇಂಗಾಲದ ಡೈಆಕ್ಸೈಡಿನಲ್ಲಿ ಒಂದು ಪಾಲನ್ನ ಸೂಕ್ಷ್ಮಜೀವಿಗಳು ಮೀಥೇನ್ ಮಾಡ್ತವೆ. ನಿಮ್ಮ ಕೆರೆ ಎಷ್ಟು ಆಳ? ಅಳೆದಿದ್ದು ಎಷ್ಟು ಹೊತ್ತಿಗೆ? ತಳಕ್ಕೆ ಏನಾದ್ರೂ ಹಾಕಿದ್ರಾ?

ಹೊಂಡದಮನೆ
ಎಂಟಡಿ. ಬೆಳಿಗ್ಗೆ ಆರಕ್ಕೆ. ಹೋದ ತಿಂಗಳು ಎರಡು ಗಾಡಿ ಸೊಪ್ಪು, ಕೊಟ್ಟಿಗೆ ಗೊಬ್ಬರ ಸುರಿದಿದ್ದೆ. ಎಲ್ಲರೂ ಹಾಕ್ತಾರಲ್ಲ, ಅದಕ್ಕೇ ಬರೀಲಿಲ್ಲ.

ಕಲ್ಲುಗುಡ್ಡ_ಸಾಗರ
ಅದೇ ಮೂಲ. ಸೊಪ್ಪು ಕೊಳೆತು ಆಮ್ಲಜನಕ ತಿನ್ನುತ್ತೆ, ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ರಾತ್ರಿ ಪಾಚಿಯೂ ಉಸಿರಾಡಿ ಅದನ್ನೇ ಬಿಡುತ್ತೆ, ಅದು ನೀರಲ್ಲಿ ಕರಗಿ ಆಮ್ಲ ಆಗುತ್ತೆ, ಬೆಳಿಗ್ಗೆಗೆ ಪಿಎಚ್ ಕೆಳಗೆ. ಗುಳ್ಳೆ ಬಹುಪಾಲು ಮೀಥೇನ್, ಬೆಂಕಿ ಹತ್ತಿರ ತರಬೇಡಿ. ನೀರು ತುಂಬಿದ ಬಾಟಲಿ ಮಗುಚಿ ಗುಳ್ಳೆ ಹಿಡೀರಿ, ಎಲೆಅಡಿಕೆ ಸುಣ್ಣದ ತಿಳಿ ಹಾಕಿ ಕುಲುಕಿ. ಹಾಲಿನಂತಾದ್ರೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಅಂತ ಅರ್ಥ. ಹಗಲು ಪಾಚಿ ಆ ಅನಿಲ ಹೀರುತ್ತೆ, ಮಧ್ಯಾಹ್ನ ಮೂರಕ್ಕೆ ಪಿಎಚ್ ಏರಿದೆಯಾ ಮತ್ತೆ ನೋಡಿ. ಸೊಪ್ಪು ಹಾಕೋದು ಈಗಲೇ ನಿಲ್ಲಿಸಿ.

ಶಿಲೆಮನೆ
ಮೀಥೇನ್ ಆಳದಿಂದಲೂ ಬರಬಹುದಲ್ಲ?

ಹೊಂಡದಮನೆ
ಮೂರಕ್ಕೆ 8.3 ಬಂತು. ಸುಣ್ಣದ ತಿಳಿ ಮಸುಕಾಯ್ತು ಅಷ್ಟೇ, ಬಿಳಿ ಆಗಲಿಲ್ಲ. ಪಂಪ್ ಹಾಕಿ ನೀರು ಚಿಮ್ಮಿಸ್ತಿದೀನಿ, ಮೀನು ಕೆಳಗೆ ಹೋದವು. ಇವತ್ತು ನಿದ್ದೆ ಬರುತ್ತೆ.

ಬಫರ್_7
8.3 ಅಂದ್ರೆ ಕ್ಯಾಲಿಬ್ರೇಷನ್ನಿಗೆ 10ರ ಬಫರೂ ಬೇಕು. ಪುಡಿ ಯಾವ ನೀರಲ್ಲಿ ಕಲಸಿದ್ರಿ, ಇನ್ನೂ ಹೇಳಲಿಲ್ಲ.