ಮೇಜಿನ ಮೇಲೊಂದು ಪುಟ್ಟ ವಾಲ್ವ್ ಪ್ರೀಆಂಪ್: ಕೊಳ್ಳುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ, ವಿಜಯನಗರದಿಂದ

ನಮಸ್ಕಾರ. ನನ್ನ ಕೆಲಸದ ಮೇಜಿನ ಮೇಲೆ ಲ್ಯಾಪ್‌ಟಾಪ್, ಅದಕ್ಕೊಂದು ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಸಂಗೀತವನ್ನು ಸ್ಪೀಕರಿಗೆ ಕೊಡಬಲ್ಲ ಸಂಕೇತವಾಗಿಸುವ ಪೆಟ್ಟಿಗೆ), ಅಲ್ಲಿಂದ ನೇರವಾಗಿ ಒಂದು ಜೊತೆ ಪವರ್ಡ್ ಸ್ಪೀಕರ್ (ಒಳಗೇ ಆಂಪ್ಲಿಫೈಯರ್ ಇರುವವು) ಇವೆ. ಹೆಚ್ಚಾಗಿ ಕರ್ನಾಟಕ ಸಂಗೀತದ ಕಛೇರಿಗಳನ್ನೂ ಹಳೆಯ ಭಾವಗೀತೆಗಳನ್ನೂ ಕೇಳುತ್ತೇನೆ. ಧ್ವನಿ ಸ್ಪಷ್ಟವಾಗಿಯೇ ಇದೆ, ಆದರೆ ಎರಡು ಗಂಟೆ ಕೇಳುವಷ್ಟರಲ್ಲಿ ಕಿವಿ ದಣಿಯುತ್ತದೆ. ನಡುವೆ ಪುಟ್ಟ ವಾಲ್ವ್ ಪ್ರೀಆಂಪ್ ಒಂದನ್ನು, ಅಂದರೆ ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ವಾಲ್ವುಗಳಿಂದ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆಯನ್ನು, ಸೇರಿಸಬೇಕೆಂದಿದ್ದೇನೆ. 10,000 ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಯಾವ ವಾಲ್ವ್ ಇರುವುದನ್ನು ಆರಿಸಲಿ? ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ, ಮಲ್ಲೇಶ್ವರದಿಂದ

ಆರು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯಿಂದ ಹೊರಟಿದ್ದೆ. ಯಾವ ವಾಲ್ವ್ ಎಂಬುದು ಆಮೇಲಿನ ಮಾತು, ಪ್ರೀಆಂಪಿನ ಆಚೆ ಬದಿಗೆ ಏನನ್ನು ಜೋಡಿಸುತ್ತೇವೆ ಎಂಬುದೇ ಮೊದಲ ಮಾತು ಎಂದು ನನಗೆ ಅರಿವಾದದ್ದು ಒಂದು ಪೆಟ್ಟಿಗೆಯನ್ನು ಕೊಂಡು ತಂದು ಬೇಸರಪಟ್ಟ ಮೇಲೆ. ಅದರಲ್ಲಿ ಎರಡು 12ಎಎಕ್ಸ್7 ವಾಲ್ವ್‌ಗಳಿದ್ದವು, ನೋಡಲು ಅಂದವಾಗಿತ್ತು, ತಂಬೂರಿಯ ನಾದ ನಿಜಕ್ಕೂ ತುಂಬಿಕೊಂಡು ಬರುತ್ತಿತ್ತು. ಆದರೆ ತನಿಯಾವರ್ತನ ಶುರುವಾದಾಗ ಮೃದಂಗದ ಬಲಗಡೆಯ ಪೆಟ್ಟುಗಳು ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತಿದ್ದರೂ ಎಡಗಡೆಯ ಗುಮ್ಕಿ ಮಾತ್ರ, ವಾದ್ಯವನ್ನು ಪಕ್ಕದ ಕೋಣೆಗೆ ಒಯ್ದಿಟ್ಟಂತೆ, ತೆಳುವಾಗಿತ್ತು. ವಾಲ್ವಿನ ದೋಷವೆಂದು ಭಾವಿಸಿ ಎರಡು ಬಾರಿ ವಾಲ್ವ್ ಬದಲಿಸಿದೆ, ಏನೂ ವ್ಯತ್ಯಾಸವಾಗಲಿಲ್ಲ.

ಕಾರಣ ಬೇರೆಡೆ ಇತ್ತು. ವಾಲ್ವಿನ ಡಿಸಿ ವೋಲ್ಟೇಜ್ ಸ್ಪೀಕರಿನ ಕಡೆಗೆ ಹೋಗದಂತೆ ತಡೆಯಲು ಔಟ್‌ಪುಟ್ಟಿನಲ್ಲಿ ಒಂದು ಕೆಪಾಸಿಟರ್ ಇರುತ್ತದೆ. ಆ ಕೆಪಾಸಿಟರಿನ ಧಾರಕತೆ (ಮೈಕ್ರೋಫ್ಯಾರಡಿನಲ್ಲಿ ಅಳೆಯುವುದು) ಮತ್ತು ವಿದ್ಯುತ್ ಸಂಕೇತಕ್ಕೆ ಒಡ್ಡುವ ತಡೆ, ಅಂದರೆ ಸ್ಪೀಕರಿನ ಇನ್‌ಪುಟ್ ಇಂಪೀಡೆನ್ಸ್ ಎರಡೂ ಸೇರಿ, ಮಂದ್ರದ ಸದ್ದು ಎಲ್ಲಿಂದ ಕೆಳಗೆ ಕ್ಷೀಣಿಸಬೇಕು ಎಂಬುದನ್ನು ನಿರ್ಧರಿಸುತ್ತವೆ. ನನ್ನ ಪೆಟ್ಟಿಗೆಯಲ್ಲಿದ್ದದ್ದು 0.1 ಮೈಕ್ರೋಫ್ಯಾರಡ್. ಮುಂದಿನ ಉಪಕರಣದ ಇಂಪೀಡೆನ್ಸ್ 100 ಕಿಲೋಓಮ್ ಆಗಿದ್ದರೆ ಕಡಿತ ಸುಮಾರು 16 ಹರ್ಟ್ಸ್‌ನಲ್ಲಿ ಆರಂಭವಾಗುತ್ತಿತ್ತು, ಯಾರ ಕಿವಿಗೂ ತಿಳಿಯುತ್ತಿರಲಿಲ್ಲ. ನನ್ನ ಪವರ್ಡ್ ಸ್ಪೀಕರಿನದು 10 ಕಿಲೋಓಮ್ ಆದ್ದರಿಂದ ಕಡಿತ ಸುಮಾರು 160 ಹರ್ಟ್ಸ್‌ಗೆ ಏರಿತ್ತು, ಗುಮ್ಕಿಯ ಮುಖ್ಯ ಭಾಗವೆಲ್ಲ ಅದರ ಕೆಳಗೇ ಬರುತ್ತದೆ. ರೇಡಿಯೊ ರಿಪೇರಿ ಬಲ್ಲ ಹಿರಿಯರೊಬ್ಬರು ಆ ಜಾಗಕ್ಕೆ 1 ಮೈಕ್ರೋಫ್ಯಾರಡಿನ, ಹೆಚ್ಚು ವೋಲ್ಟೇಜ್ ತಾಳುವ ಫಿಲ್ಮ್ ಕೆಪಾಸಿಟರ್ ಹಾಕಿಕೊಟ್ಟರು. ಅಂದು ಸಂಜೆ ಅದೇ ತನಿಯನ್ನು ಮತ್ತೆ ಹಾಕಿದಾಗ, ಗುಮ್ಕಿಯ ಕಂಪನ ಮೇಜಿನ ಮೇಲೆ ಊರಿದ್ದ ಅಂಗೈಗೆ ತಾಗಿತು. ಆದ್ದರಿಂದ ಮೊದಲು ನಿಮ್ಮ ಸ್ಪೀಕರಿನ ಕೈಪಿಡಿಯನ್ನು ತೆಗೆದು ಇನ್‌ಪುಟ್ ಇಂಪೀಡೆನ್ಸ್ ಎಷ್ಟೆಂದು ನೋಡಿ. ಅದು ಪ್ರೀಆಂಪಿನ ಔಟ್‌ಪುಟ್ ಇಂಪೀಡೆನ್ಸಿನ ಕನಿಷ್ಠ ಹತ್ತು ಪಟ್ಟಾದರೂ ಇರಬೇಕು. ವಾಲ್ವಿನ ಪ್ಲೇಟಿನಿಂದ (ಹೆಚ್ಚು ವೋಲ್ಟೇಜ್ ಕೊಡುವ ಒಳಗಿನ ಲೋಹದ ಭಾಗದಿಂದ) ನೇರವಾಗಿ ಔಟ್‌ಪುಟ್ ತೆಗೆದ ಸರಳ ಸರ್ಕ್ಯೂಟುಗಳಲ್ಲಿ ಔಟ್‌ಪುಟ್ ಇಂಪೀಡೆನ್ಸ್ ಹತ್ತಾರು ಕಿಲೋಓಮ್ ಇರಬಹುದು, ಅಂಥವು ಪವರ್ಡ್ ಸ್ಪೀಕರಿಗೆ ಒಗ್ಗುವುದಿಲ್ಲ. ಔಟ್‌ಪುಟ್ ಇಂಪೀಡೆನ್ಸನ್ನು ತಗ್ಗಿಸುವ ಕ್ಯಾಥೋಡ್ ಫಾಲೋವರ್ ಅಥವಾ ಬೇರೆ ಬಫರ್ ಹಂತ ಇರುವುದನ್ನೇ ಕೇಳಿ ಕೊಳ್ಳಿ. ಮಾರುವವರು ಈ ಅಂಕಿಯನ್ನು ಕೊಡದಿದ್ದರೆ ಆ ಪೆಟ್ಟಿಗೆಯನ್ನು ಬಿಟ್ಟುಬಿಡುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಗೇನ್, ಅಂದರೆ ಪೆಟ್ಟಿಗೆ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು. ಸಾಮಾನ್ಯ ಡ್ಯಾಕ್ ಪೂರ್ಣ ಮಟ್ಟದಲ್ಲಿ 2 ವೋಲ್ಟ್ ಕೊಡುತ್ತದೆ, ನೀವು ಮೇಜಿನಿಂದ ಒಂದು ಮಾರು ದೂರದಲ್ಲಿ ಕುಳಿತು ಕೇಳಲು ಅದೇ ಬೇಕಾದಷ್ಟಾಯಿತು. 12ಎಎಕ್ಸ್7, ಅಂದರೆ ಯುರೋಪಿನ ಹೆಸರಿನಲ್ಲಿ ಇಸಿಸಿ83, ಇದರ ವರ್ಧನಾಂಕ 100. 12ಎಯು7, ಅಂದರೆ ಇಸಿಸಿ82, ಇದರದು 20ರ ಆಸುಪಾಸು. 12ಎಎಕ್ಸ್7 ಇರುವ, ಹೆಚ್ಚು ಗೇನಿನ ಪೆಟ್ಟಿಗೆ ತಂದರೆ ವಾಲ್ಯೂಮ್ ತಿರುಗಣೆಯನ್ನು ಎಂಟು ಗಂಟೆಯ ಸ್ಥಾನದಿಂದ ಒಂಬತ್ತಕ್ಕೆ ತಿರುಗಿಸುವುದರೊಳಗೆ ಮನೆಮಂದಿಯೆಲ್ಲ ಎದ್ದು ಬರುತ್ತಾರೆ. ಅಗ್ಗದ ತಿರುಗಣೆಗಳಲ್ಲಿ ಆ ಆರಂಭದ ಭಾಗದಲ್ಲೇ ಎಡ ಬಲ ಸಮನಾಗಿರುವುದಿಲ್ಲ, ಗಾಯಕರು ನಡುವಿನಿಂದ ಒಂದು ಕಡೆಗೆ ಸರಿದು ಕುಳಿತಂತೆ ಕೇಳುತ್ತದೆ. ಹೀಗಾಗಿ ನಿಮ್ಮ ಬಳಕೆಗೆ 12ಎಯು7 ಇರುವುದೇ ಸರಿ. ಈ ಎರಡು ವಾಲ್ವ್‌ಗಳ ಕಾಲುಗಳ ಜೋಡಣೆಯೂ ವಾಲ್ವನ್ನು ಒಳಗಿನಿಂದ ಬಿಸಿಮಾಡುವ ಫಿಲಮೆಂಟಿನ ವೋಲ್ಟೇಜೂ ಒಂದೇ. 6ಡಿಜೆ8 ಹಾಗಲ್ಲ, ಒಂಬತ್ತು ಕಾಲು ಇದೆಯೆಂದು ಅದನ್ನು ಅದೇ ಸಾಕೆಟ್ಟಿಗೆ ಹಾಕಬೇಡಿ.

ಅಂಗೈಯಗಲದ ಅಗ್ಗದ ಪೆಟ್ಟಿಗೆಗಳಲ್ಲಿ ಎರಡು ಪುಟ್ಟ 6ಜೆ1 ವಾಲ್ವ್‌ಗಳಿರುತ್ತವೆ, ಅವು 12 ವೋಲ್ಟಿನ ಅಡಾಪ್ಟರಿನಿಂದ ನಡೆಯುತ್ತವೆ. 12ಎಎಕ್ಸ್7ನ ಮೂಲ ದತ್ತಾಂಶ ಪತ್ರದಲ್ಲಿ ಪ್ಲೇಟಿಗೆ 100 ಮತ್ತು 250 ವೋಲ್ಟಿನ ಅಂಕಿಗಳಿರುವುದನ್ನು ನೋಡಿದರೆ, ಅಡಾಪ್ಟರಿನ ಕೆಲವೇ ಹತ್ತು ವೋಲ್ಟಿನಲ್ಲಿ ನಡೆಯುವ ವಾಲ್ವ್ ಎಷ್ಟು ಹಸಿದಿರುತ್ತದೆ ಎಂಬುದು ತಿಳಿಯುತ್ತದೆ. ಆಗ ಹೆಚ್ಚಾಗುವ ಎರಡನೆಯ ಹಾರ್ಮೋನಿಕ್ (ಮೂಲ ಸ್ವರದ ಎರಡು ಪಟ್ಟು ಕಂಪನಾಂಕದ ಸೇರ್ಪಡೆ ಸದ್ದು) ಕೆಲವರಿಗೆ ಹಿತವಾಗಿಯೇ ಕೇಳುತ್ತದೆ, ಅದನ್ನು ನಾನು ತಪ್ಪೆನ್ನಲಾರೆ. ಆದರೆ ವಾಲ್ವಿನ ಬುಡದಲ್ಲಿ ಕಾಣುವ ಕಿತ್ತಳೆ ಬೆಳಕು ಬಹಳ ಕಡೆ ಕೆಳಗಿಟ್ಟ ಎಲ್‌ಇಡಿಯದು, ಫಿಲಮೆಂಟಿನದಲ್ಲ. ಆ ಬೆಳಕಿಗೆ ಮನಸೋತು ದುಡ್ಡು ಕೊಡಬೇಡಿ.

ಉತ್ತರ, ಬನಶಂಕರಿಯಿಂದ

ಮೇಲಿನವರು ಹೇಳಿದ್ದೆಲ್ಲ ಸರಿ, ಗುಂಯ್ಗುಡುವ ಸದ್ದಿನ ವಿಷಯವನ್ನು ಮಾತ್ರ ಸೇರಿಸುತ್ತೇನೆ. ನಮ್ಮದು ಹಳೆಯ ಬಾಡಿಗೆ ಮನೆ, ಮೂರು ರಂಧ್ರದ ಪ್ಲಗ್ ಪಾಯಿಂಟುಗಳಿದ್ದರೂ ಅರ್ಥಿಂಗ್ ತಂತಿ ಎಳೆದಿರಲೇ ಇಲ್ಲ. ಪ್ರೀಆಂಪ್ ಜೋಡಿಸಿದ ದಿನ ಹಾಡು ನಿಂತ ಕಡೆಯಲ್ಲೆಲ್ಲ ಗುಂಯ್ ಎನ್ನುತ್ತಿತ್ತು. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿದ ತಕ್ಷಣ ಸದ್ದು ನಿಂತಿತು. ನೀವೂ ಮೊದಲು ಈ ಪರೀಕ್ಷೆ ಮಾಡಿ. ಸದ್ದು ನಿಂತರೆ ದೋಷ ವಾಲ್ವಿನದಲ್ಲ. ಎಲ್ಲ ಉಪಕರಣಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಆಗಲೂ ಉಳಿದರೆ ಯುಎಸ್‌ಬಿ ಐಸೊಲೇಟರ್ (ಲ್ಯಾಪ್‌ಟಾಪ್ ಮತ್ತು ಡ್ಯಾಕ್ ನಡುವಿನ ನೇರ ವಿದ್ಯುತ್ ಸಂಪರ್ಕವನ್ನು ತಪ್ಪಿಸುವ ಉಪಕರಣ) ಬಳಸಿ. ಕೆಲವರು ಪ್ಲಗ್ಗಿನ ದಪ್ಪ ಅರ್ಥ್ ಪಿನ್ನನ್ನೇ ತೆಗೆದುಬಿಡಲು ಸಲಹೆ ಕೊಡುತ್ತಾರೆ. ಒಳಗೆ ನೂರಾರು ವೋಲ್ಟ್ ಇರುವ ಲೋಹದ ಪೆಟ್ಟಿಗೆಯ ವಿಷಯದಲ್ಲಿ ಅದು ಪ್ರಾಣಕ್ಕೆ ಅಪಾಯ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ, ಅನುಭವವಿಲ್ಲದೆ ಮುಚ್ಚಳ ತೆರೆಯಬೇಡಿ.

ಉತ್ತರ, ಜಾಲಹಳ್ಳಿಯಿಂದ

ವಾಲ್ವ್ ಬದಲಿಸುವ ಮನಸ್ಸಿದ್ದರೆ ಹೊರದೇಶದ್ದನ್ನೇ ಹುಡುಕಬೇಕಿಲ್ಲ. 1954ರಲ್ಲಿ ನಮ್ಮ ಜಾಲಹಳ್ಳಿಯಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 1961ರಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಬಿಇಎಲ್ ಮುದ್ರೆಯ ಇಸಿಸಿ83 ಈಗಲೂ ಹಳೆಯ ರೇಡಿಯೊ ಇಟ್ಟುಕೊಂಡವರ ಬಳಿ, ಅದೃಷ್ಟವಿದ್ದರೆ ಎಸ್‌.ಪಿ. ರಸ್ತೆಯ ಹಳೆಯ ಅಂಗಡಿಗಳಲ್ಲಿ ಸಿಗಬಹುದು. ಕೊಳ್ಳುವಾಗ ಗಾಜಿನ ತುದಿಯ ಬೆಳ್ಳಿಬಣ್ಣದ ಲೇಪವನ್ನು ನೋಡಿ. ಅದು ಹಾಲಿನಂತೆ ಬಿಳುಚಿದ್ದರೆ ಒಳಗೆ ಗಾಳಿ ಸೇರಿದೆ, ಆ ವಾಲ್ವ್ ಕೆಲಸಕ್ಕೆ ಬಾರದು. ಜೋಡಿಸಿ ಬಿಸಿಯಾದ ಮೇಲೆ ಪೆನ್ಸಿಲಿನ ಹಿಂಬದಿಯಿಂದ ಗಾಜನ್ನು ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಗಂಟೆಯಂತೆ ಣಣ್ ಎಂದು ಎಳೆದುಕೊಂಡು ಹೋದರೆ ಬೇಡ, ನೀವು ಕೀಬೋರ್ಡ್ ಒತ್ತುವ ಮೇಜಿನ ಮೇಲೆ ಆ ವಾಲ್ವ್ ನೆಮ್ಮದಿ ಕೊಡುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಕೈಪಿಡಿ ನೋಡಿದೆ, ನನ್ನ ಸ್ಪೀಕರಿನ ಇಂಪೀಡೆನ್ಸ್ ಕೂಡ 10 ಕಿಲೋಓಮ್. ಚಾರ್ಜರ್ ಕಿತ್ತು ನೋಡಿದೆ, ಪ್ರೀಆಂಪ್ ಇಲ್ಲದಿರುವಾಗಲೇ ಸಣ್ಣ ಗುಂಯ್ ಸದ್ದು ಇದ್ದದ್ದು ಈಗ ಗಮನಕ್ಕೆ ಬಂತು, ಕಿತ್ತಾಗ ಅದು ಹೋಯಿತು. ಕಿವಿ ದಣಿಯಲು ಅದೂ ಒಂದು ಕಾರಣವಿರಬಹುದೇ?

ಉತ್ತರ, ಮಲ್ಲೇಶ್ವರದಿಂದ

ಇರಬಹುದು. ಒಂದು ವಾರ ಬ್ಯಾಟರಿಯ ಮೇಲೆಯೇ ಕೇಳಿ ನೋಡಿ, ಅಲ್ಲಿಯವರೆಗೆ ಏನನ್ನೂ ಕೊಳ್ಳಬೇಡಿ. ಆಮೇಲೂ ವಾಲ್ವ್ ಬೇಕೆನಿಸಿದರೆ ಭಾನುವಾರ ಬೆಳಿಗ್ಗೆ ನಿಮ್ಮ ಸ್ಪೀಕರುಗಳನ್ನು ತೆಗೆದುಕೊಂಡು ನಮ್ಮ ಮನೆಗೆ ಬನ್ನಿ. ನನ್ನ ಬಳಿ 12ಎಯು7 ಇರುವ ಒಂದು, 6ಜೆ1 ಇರುವ ಒಂದು, ಎರಡೂ ಇವೆ. ನಿಮ್ಮದೇ ಸ್ಪೀಕರಿನಲ್ಲಿ, ನಿಮಗೆ ಬಾಯಿಪಾಠವಿರುವ ಕಛೇರಿಯನ್ನೇ ಹಾಕಿ ಕೇಳೋಣ.